ಬರೆದದ್ದನ್ನು ಓದಿ ಹೇಳೋಕೆ ಹೋಗಿದ್ದೆವು

ಮೊದಲ ದಿನ: ಕಲಬುರಗಿ

ಠಾಣೆಯ ಶಾಂತಿ ಸಭೆ ಸಂಜೆ ನಾಲ್ಕಕ್ಕೆ ಅಂತ ಹೇಳಿದ್ದರು. ಹಾಗಾಗಿ ಬೆಳಿಗ್ಗೆ ರೈಲಿಳಿದ ನಮಗೆ ಹಗಲೆಲ್ಲ ಬಿಡುವಿತ್ತು. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ಭಜಿ ತಿಂದೆವು. ಬೆಳಿಗ್ಗೆನೇ ಮಿರ್ಚಿನಾ ಅಂತ ಮೈಸೂರು ಕಡೆಯ ಹುಡುಗರು ಮುಖ ಮುಖ ನೋಡಿಕೊಂಡರು. ಆಳಂದದ ಹುಡುಗ ಸುಮ್ನೆ ಎರಡನೇ ಪ್ಲೇಟ್ ಹೇಳಿದ.

ನಾನು ಎಂ.ಎ. ವಿದ್ಯಾರ್ಥಿಗಳಿಗೆ ಶಾಂತಿ ಅಧ್ಯಯನದ ಪತ್ರಿಕೆ ಪಾಠ ಮಾಡುತ್ತೇನೆ. ವರ್ಷದಲ್ಲಿ ಒಂದಷ್ಟು ದಿನ ಕಲಬುರಗಿ, ಬೀದರ್, ಯಾದಗಿರಿ ಕಡೆ ಇರುತ್ತೇನೆ. 1948ರ ನೆನಪು, ಊರಿನ ಜಗಳ, ರಾಜಿ, ಮೆರವಣಿಗೆಯ ತಕರಾರು, ಇವನ್ನೆಲ್ಲ ಕೇಳಿ ಬರೆದುಕೊಳ್ಳುವುದು ಕೆಲಸ. ಎರಡು ಗುಂಪಿನವರನ್ನು ಒಂದು ಕಡೆ ಕೂರಿಸುವ ಕೆಲಸಕ್ಕೂ ಕೈ ಹಾಕಿದ್ದುಂಟು, ಅದೂ ಅವರೇ ಕರೆದರೆ ಮಾತ್ರ. ಈ ಸಲ ಹೋದ ಉದ್ದೇಶ ಬೇರೆ. ಹಿಂದೆ ಬರೆದುಕೊಂಡು ಹೋಗಿದ್ದನ್ನು ಕನ್ನಡದಲ್ಲಿ ಟೈಪ್ ಮಾಡಿಸಿ ತಂದಿದ್ದೆವು. ಹೇಳಿದವರ ಮುಂದೆ ಕೂತು ಅದನ್ನು ಓದಿ ಹೇಳಬೇಕು. ಅವರು ಬೇಡ ಅಂದದ್ದನ್ನು ಅಲ್ಲೇ ಹೊಡೆದು ಹಾಕಬೇಕು.

ಬಡ್ತಿಯ ಅರ್ಜಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಲೇಖನ ಅಚ್ಚಾದರೆ ಅಂಕ, ವಿಚಾರ ಸಂಕಿರಣದಲ್ಲಿ ಮಾತಾಡಿದರೆ ಅಂಕ. ಕಟ್ಟೆ ಮೇಲೆ ಇಡೀ ಮಧ್ಯಾಹ್ನ ಕೂತಿದ್ದಕ್ಕೆ ಸೊನ್ನೆ.

ಹಗಲು ಎಲ್ಲರೂ ನೋಡುವುದನ್ನೇ ನೋಡಿದೆವು. ಕೋಟೆಯೊಳಗೆ 1367ರ ಜಾಮಿ ಮಸೀದಿ. ಅದಕ್ಕೆ ತೆರೆದ ಅಂಗಳವಿಲ್ಲ, ಪೂರ್ತಿ ಛಾವಣಿ. ಆಮೇಲೆ ಖ್ವಾಜಾ ಬಂದೇ ನವಾಜ್ ದರ್ಗಾ. ದೆಹಲಿಯಿಂದ ದಖ್ಖನ್ನಿಗೆ ಬಂದ ಈ ಸೂಫಿ ಇಲ್ಲೇ 1422ರಲ್ಲಿ ತೀರಿಕೊಂಡರು. ಅಲ್ಲಿಂದ ಶರಣಬಸವೇಶ್ವರ ಗುಡಿ. ಊರವರ ಬಾಯಲ್ಲಿ ಅದು ಅಪ್ಪನ ಗುಡಿ. ಆಟೊದವನು ಹೆಮ್ಮೆಯಿಂದ, "ಎರಡೂ ಕಡಿ ನಮಸ್ಕಾರ ಮಾಡಿಸ್ತೀನ್ರಿ, ಒಂದ ರೇಟು" ಅಂದ. ಹುಡುಗಿಯೊಬ್ಬಳು ಆ ಮಾತನ್ನು ತಕ್ಷಣ ಬರೆದುಕೊಂಡಳು. ಬರೆದುಕೋ, ಆದರೆ ಪ್ರವಾಸಿಗರಿಗೆ ಹೇಳುವ ಮಾತು ಇದು, ಸಂಜೆವರೆಗೆ ತಾಳು ಅಂದೆ.

ಗಣಪತಿ ವಿಸರ್ಜನೆ, ಈದ್ ಮಿಲಾದ್ ಎರಡೂ ಹತ್ತಿರ ಹತ್ತಿರ ಬಂದಿದ್ದವು. ಶಾಂತಿ ಸಭೆ ಅಂದರೆ ಗೊತ್ತಲ್ವಾ? ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮುಂದಿನ ಸಾಲಿನಲ್ಲಿ ಎರಡೂ ಕಡೆಯ ಮುಖಂಡರು. ಹಬ್ಬ ಎಲ್ಲರದು ಅಂತ ಒಬ್ಬರು, ಕಾನೂನು ಕೈಗೆ ತಗೊಂಡರೆ ಸುಮ್ನಿರಲ್ಲ ಅಂತ ಇನ್ನೊಬ್ಬರು. ಡಿಜೆ ಹಚ್ಚೋ ಹಾಗಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಇದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ, ಆದರೂ ಪ್ರತಿ ವರ್ಷ ಹೊಸದಾಗಿ ಹೇಳಬೇಕು. ಎಲ್ಲರಿಗೂ ಬಿಸ್ಕತ್ತು, ಚಹಾ. ಹೆಂಗಸರು ಅಂತ ಇದ್ದದ್ದು ನಾವು, ಮತ್ತೆ ಬಾಗಿಲಲ್ಲಿ ನಿಂತಿದ್ದ ಒಬ್ಬ ಕಾನ್‌ಸ್ಟೆಬಲ್.

ಅಸಲಿ ಸಭೆ ನಡೆದದ್ದು ಹೊರಗೆ, ಚಹಾದ ಬಂಡಿ ಹತ್ತಿರ. ಒಬ್ಬರು ಗಣಪತಿ ಮಂಡಳಿಯವರು, ಇನ್ನೊಬ್ಬರು ಮಸೀದಿ ಕಮಿಟಿಯವರು. ಇಬ್ಬರದೂ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಅಡತ (ದಲ್ಲಾಳಿ) ವ್ಯಾಪಾರ, ತೊಗರಿ ಸುಗ್ಗಿಯಲ್ಲಿ ಪಕ್ಕಪಕ್ಕ ಕೂರುವವರು.

"ಆರಕ್ಕಿಂತ ಮದಲ ಆ ತಿರುವು ದಾಟಿಬಿಡ್ರಿ. ನಮಾಜ್ ಹೊತ್ತಿಗೆ ಸಿಕ್ಕೊಂಡ್ರ ನನ್ನ ಹುಡುಗ್ರು ನನ್ನ ಮಾತ್ ಕೇಳಂಗಿಲ್ಲ."

"ನಮ್ಮವ್ರೇನ್ ಕೇಳ್ತಾರೇನು? ಟ್ರ್ಯಾಕ್ಟರ್ ಆ ಹಮಾಲರ ಹುಡುಗಂದು ಅದ. ಅವಂಗ ನೀವ ಒಂದ್ ಮಾತ್ ಹೇಳ್ರಿ. ನಿಮ್ಮ ಮುಂದ ಅವ ದನಿ ತೆಗೆಯಂಗಿಲ್ಲ."

ಅಷ್ಟೇ. ಎರಡು ನಿಮಿಷದಲ್ಲಿ ಮುಗಿಯಿತು. ಟ್ರ್ಯಾಕ್ಟರ್ ಯಾರದು, ಅವನು ಯಾರ ಮಾತು ಕೇಳುತ್ತಾನೆ, ಯಾವ ತಿರುವು, ಎಷ್ಟು ಹೊತ್ತಿಗೆ. ಶಾಮಿಯಾನದ ಕೆಳಗೆ ಇದರಲ್ಲಿ ಒಂದೂ ಬಂದಿರಲಿಲ್ಲ.

ಆ ರಾತ್ರಿ ಲಾಡ್ಜಿನ ಕೋಣೆಯಲ್ಲೇ ಪಾಠ ಆಯಿತು. ಜಾನ್ ಪಾಲ್ ಲೆಡರಾಕ್ ಅನ್ನುವ ಅಮೆರಿಕದ ವಿದ್ವಾಂಸ 1980ರ ದಶಕದಲ್ಲಿ ನಿಕರಾಗುವಾದಲ್ಲಿ ಸರ್ಕಾರಕ್ಕೂ ಪೂರ್ವ ಕರಾವಳಿಯ ಮೂಲನಿವಾಸಿಗಳಿಗೂ ನಡುವೆ ನಡೆದ ರಾಜಿಯಲ್ಲಿ ಕೆಲಸ ಮಾಡಿದರು, ಆಮೇಲೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಮಧ್ಯಸ್ಥ ಅಂದರೆ ಯಾರ ಕಡೆಗೂ ಸೇರದ ಹೊರಗಿನವನೇ ಆಗಬೇಕಿಲ್ಲ, ಒಳಗಿನವನಾಗಿ, ಒಂದು ಕಡೆಗೆ ಸೇರಿದವನಾಗಿದ್ದೂ ಎರಡೂ ಕಡೆಯ ನಂಬಿಕೆ ಗಳಿಸಿದವನೇ ಎಷ್ಟೋ ಕಡೆ ಕೆಲಸಕ್ಕೆ ಬರುತ್ತಾನೆ ಅಂತ ಅಲ್ಲಿ ಅವರು ಕಂಡುಕೊಂಡರು. ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ನಮ್ಮ ದೇಶದ ನಗರಗಳನ್ನು ಜೋಡಿ ಜೋಡಿಯಾಗಿ ಇಟ್ಟು ನೋಡಿದರು. ದೊಡ್ಡ ಊರುಗಳಲ್ಲಿ ಬರೀ ಅಕ್ಕಪಕ್ಕದ ಒಡನಾಟ ಸಾಲದು, ವ್ಯಾಪಾರಿ ಸಂಘ, ಕಾರ್ಮಿಕ ಸಂಘದಂಥ ಕಡೆ ಎರಡೂ ಸಮುದಾಯ ಒಟ್ಟಿಗಿದ್ದರೆ ಗಲಭೆ ಹಬ್ಬೋದು ಕಷ್ಟ ಅನ್ನೋದು ಅವರ ವಾದ. ಗಂಜಿನ ಅಡತಿಯವರನ್ನು ನೋಡಿ ಬಂದ ಮೇಲೆ ಇದನ್ನು ವಿವರಿಸೋಕೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಎರಡನೇ ದಿನ: ಬೀದರಿನ ದಾರಿ, ಅಷ್ಟೂರು

ಟಿಟಿ ಗಾಡಿ ಮಾಡಿಕೊಂಡು ಹೊರಟೆವು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಂತೆವು. ರಾತ್ರಿ ಮಳೆಯಾಗಿತ್ತು. ರಸ್ತೆಯ ಎರಡೂ ಕಡೆ ಎರೆ ಹೊಲ, ಸೊಂಟದೆತ್ತರ ತೊಗರಿ. ಒಬ್ಬ ಹೊಲದೊಳಗೆ ಫೋಟೊ ತೆಗೆಯೋಕೆ ಇಳಿದು, ಚಪ್ಪಲಿಗೆ ಎರಡು ಕೆಜಿ ಮಣ್ಣು ಅಂಟಿಸಿಕೊಂಡು ಬಂದ.

ಹುಮನಾಬಾದ್ ಹತ್ತಿರ ಬರುವಾಗ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು. "ಮೇಡಂ, ಇದನ್ನು ಓದಿದರೆ ಕೆಲಸ ಎಲ್ಲಿ ಸಿಗುತ್ತೆ?"

ಸುಳ್ಳು ಹೇಳೋದು ಬೇಡ ಅನ್ನಿಸಿತು. ನಮ್ಮಲ್ಲಿ ಇದಕ್ಕೇ ಅಂತ ಇರುವ ಕೇಂದ್ರಗಳು ಕಡಿಮೆ. ದೆಹಲಿಯ ಜಾಮಿಯಾದಲ್ಲಿ 2004ರಿಂದ ಮಂಡೇಲಾ ಹೆಸರಿನ ಕೇಂದ್ರ ಇದೆ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಾಳವೀಯ ಹೆಸರಿನದು ಇದೆ. ಉಳಿದ ಕಡೆ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಗಾಂಧಿ ಅಧ್ಯಯನದ ಒಳಗೆ ಒಂದೆರಡು ಪತ್ರಿಕೆ. ನನ್ನ ಹುದ್ದೆಯೂ ರಾಜ್ಯಶಾಸ್ತ್ರದ್ದೇ. ವಾರಕ್ಕೆ 14 ಗಂಟೆ ಪಾಠ, ಅದರ ಮೇಲೆ ಮೌಲ್ಯಮಾಪನ, ಸಮಿತಿ, ನ್ಯಾಕ್ ಕಡತ. ಹಳ್ಳಿಗೆ ಬರೋದು ಸೆಮಿಸ್ಟರ್ ರಜೆಯಲ್ಲಿ, ಇಲ್ಲವೇ ರಜೆ ಹಾಕಿ. ಜಗಳಗಳಿಗೆ ನಮ್ಮ ವೇಳಾಪಟ್ಟಿ ಗೊತ್ತಿಲ್ಲ, ಸರಿಯಾಗಿ ಪರೀಕ್ಷೆ ಸಮಯಕ್ಕೇ ಶುರುವಾಗುತ್ತವೆ.

ಆಡಮ್ ಕರ್ಲ್ ಕಥೆಯನ್ನೂ ಹೇಳಿದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಶಾಂತಿ ಅಧ್ಯಯನದ ಮೊದಲ ಪ್ರಾಧ್ಯಾಪಕರಾದವರು. ಅದಕ್ಕೂ ಮುಂಚೆ, ಯುದ್ಧವನ್ನು ಒಪ್ಪದ ಕ್ವೇಕರ್ ಕ್ರೈಸ್ತ ಪಂಥದವರ ಜೊತೆ 1965ರ ಭಾರತ-ಪಾಕಿಸ್ತಾನ ಯುದ್ಧದ ಹೊತ್ತಿನಲ್ಲಿ ಎರಡೂ ದೇಶ ಓಡಾಡಿದ್ದರು, ನೈಜೀರಿಯಾ-ಬಯಾಫ್ರಾ ಯುದ್ಧದಲ್ಲೂ ಎರಡೂ ಕಡೆಯವರ ಹತ್ತಿರ ಮಾತಾಡಿದ್ದರು. ಅಂದರೆ ಓಡಾಟ ಮೊದಲು, ಕುರ್ಚಿ ಆಮೇಲೆ. ನಮ್ಮಲ್ಲಿ ಇದು ಉಲ್ಟಾ. ನೆಟ್ ಪಾಸಾಗಿ, ಪಿಎಚ್.ಡಿ. ಮುಗಿಸಿ, ಕೆಲಸ ಕಾಯಂ ಆದ ಮೇಲೆ ಹಳ್ಳಿಗೆ ಹೋಗುವ ಧೈರ್ಯ ಬರುತ್ತೆ. ನಾನೂ ಹಾಗೇ ಬಂದವಳು.

ಮಧ್ಯಾಹ್ನ ಅಷ್ಟೂರು. ಬೀದರ್ ಊರಿನ ಪೂರ್ವಕ್ಕೆ, ಬಯಲಿನಲ್ಲಿ ಸಾಲಾಗಿ ಬಹಮನಿ ಸುಲ್ತಾನರ ಗೋರಿಗಳು. ಒಂದರ ಗುಮ್ಮಟ ಸಿಡಿಲು ಬಡಿದು ಅರ್ಧ ಸೀಳಿ ನಿಂತಿದೆ, ಹುಡುಗರೆಲ್ಲ ಮೊದಲು ಅದರ ಮುಂದೆಯೇ ಸೆಲ್ಫಿ ತೆಗೆದುಕೊಂಡರು. ನಾವು ನೋಡಬೇಕಿದ್ದದ್ದು ಅಹಮದ್ ಶಾ ವಲಿಯ ಗೋರಿ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನ ಇವನೇ. ಸುತ್ತಲಿನ ಲಿಂಗಾಯತರಿಗೆ ಇವನು ಅಲ್ಲಮ ಪ್ರಭು. ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಉರುಸಿಗೆ ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ಶಿಷ್ಯರ ಜೊತೆ ನಡೆದುಕೊಂಡೇ ಬರುತ್ತಾರೆ. ಶಂಖ ಊದುತ್ತಾರೆ, ಗೋರಿಗೆ ಹೂ ಏರಿಸುತ್ತಾರೆ.

ಅದೇ ಹುಡುಗಿ ಪುಸ್ತಕದಲ್ಲಿ "ಸೌಹಾರ್ದದ ತಾಣ" ಅಂತ ಬರೆದಳು. ಅದನ್ನು ಹೊಡೆಸಿದೆ. ಜಂಗಮರು ದಾರಿಯಲ್ಲಿ ಯಾವ ಯಾವ ಊರಲ್ಲಿ ಉಳಿಯುತ್ತಾರೆ, ಊಟ ಯಾರ ಮನೆಯದು, ಆ ಮನೆಯವರಿಗೆ ಆ ಹಕ್ಕು ಬಂದದ್ದು ಹೇಗೆ, ಒಳಗೆ ಮೊದಲು ಕಾಲಿಡುವವರು ಯಾರು, ಬೀಗದ ಕೈ ಯಾರ ಹತ್ತಿರ. ಇವನ್ನು ಕೇಳು ಅಂದೆ. ಅಲ್ಲೇ ಇದ್ದ ಹಿರಿಯರೊಬ್ಬರ ಹತ್ತಿರ ಹೋಗಿ ಕೇಳಿದಳು. ಅವರಿಗೆ ಖುಷಿಯೋ ಖುಷಿ. ಯಾರೂ ಇದನ್ನೆಲ್ಲ ಕೇಳಂಗಿಲ್ರಿ, ಬಂದವ್ರೆಲ್ಲ ಮ್ಯಾಲಿನ ಚಿತ್ರಾನ ನೋಡ್ತಾರ ಅಂದರು. ಚಿತ್ರಗಳೂ ನೋಡುವಂಥವೇ. ಗುಮ್ಮಟದ ಒಳಗಿನ ಬಣ್ಣ ಇನ್ನೂ ಉಳಿದಿದೆ.

ನನ್ನ ಲೆಕ್ಕದಲ್ಲಿ ಇಲ್ಲಿ ಶಾಂತಿ ಉಳಿದಿರೋದು ಪ್ರೀತಿಯಿಂದ ಅಂತಲ್ಲ, ಸರದಿಯಿಂದ. ಯಾರ ಪಾಳಿ ಯಾವಾಗ ಅನ್ನೋದು ಎಲ್ಲರಿಗೂ ಗೊತ್ತು. ತಪ್ಪಿದರೆ ಕೇಳೋಕೆ ಜನ ಇದ್ದಾರೆ.

ಮೂರನೇ ದಿನ: ಬಸವಕಲ್ಯಾಣದ ಕಡೆ

ಗೋರ್ಟಾ ಮೊದಲು. 1948ರ ಮೇ ತಿಂಗಳಲ್ಲಿ ರಜಾಕಾರರು, ಅಂದರೆ ನಿಜಾಮನ ಪರವಾಗಿದ್ದ ಖಾಸಗಿ ಪಡೆಯವರು, ಈ ಊರಿನ ಮೇಲೆ ಬಿದ್ದು ಜನರನ್ನು ಕೊಂದರು. ಈಗ ಅಲ್ಲಿ ಸ್ಮಾರಕ ಇದೆ, ಸರ್ದಾರ್ ಪಟೇಲರ ಪ್ರತಿಮೆ ಇದೆ, ಉದ್ಘಾಟನೆ ಆದದ್ದು 2023ರಲ್ಲಿ. ಆಳಂದದ ಹುಡುಗ ಅಲ್ಲಿ ತುಂಬ ಹೊತ್ತು ನಿಂತ. ರಜಾಕಾರರ ಹಾವಳಿಯ ಕಥೆ ಕೇಳಿಯೇ ಬೆಳೆದವನು. ಅವನ ಅಜ್ಜಿ ಮಕ್ಕಳನ್ನು ಹೆದರಿಸೋಕೆ ಈಗಲೂ "ರಜಾಕಾರ ಬಂದ" ಅನ್ನುತ್ತಾರಂತೆ.

ಅಲ್ಲಿಂದ ನಾವು ಹೋದದ್ದು ಇನ್ನೊಂದು ಹಳ್ಳಿಗೆ. ಹೆಸರು ಬರೆಯಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಅಲ್ಲಿ ಓದಿ ಹೇಳಬೇಕಿದ್ದದ್ದು ಪೊಲೀಸ್ ಆ್ಯಕ್ಷನ್ ನಂತರದ ಕಥೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮ ಶರಣಾದ. ಅದಾದ ಮೇಲೆ ಹಳ್ಳಿಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ತಂಡ ಆ ವರ್ಷದ ಕೊನೆಗೆ ಊರೂರು ತಿರುಗಿ ವರದಿ ಕೊಟ್ಟಿತು. ಒಟ್ಟು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅನ್ನೋದು ಅವರ ಅಂದಾಜು. ತೀರಾ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇವೆ, ಉಳಿದವು ಉಸ್ಮಾನಾಬಾದ್, ನಾಂದೇಡ್. ಆ ವರದಿ ದಶಕಗಳ ಕಾಲ ಹೊರಗೆ ಬರಲೇ ಇಲ್ಲ. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನ ನೋಡೋ ಹಾಗಾಯಿತು.

ನಮಗೆ ಆ ಹಳ್ಳಿಯ ಕಥೆ ಹೇಳಿದ್ದ ಅಜ್ಜಿಗೆ ಆಗ ಎಂಟೋ ಒಂಬತ್ತೋ ವರ್ಷ. ಈಗ ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಮನೆಯ ಮುಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಮೊಮ್ಮಗಳು ಶೇಂಗಾ, ಬೆಲ್ಲ ತಂದಿಟ್ಟಳು. ನನ್ನ ವಿದ್ಯಾರ್ಥಿನಿ ಓದಲು ಶುರು ಮಾಡಿದಳು.

"ನಮ್ಮಪ್ಪನನ್ನು ಪಕ್ಕದ ಮನೆಯ ಗೌಡರು ಹಗೇವಿನಲ್ಲಿ ಅಡಗಿಸಿದರು." ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ.

ಅಜ್ಜಿ ಕೈ ಎತ್ತಿದರು. "ಖಾಲಿ ಹಗೇವು ಅಂತ ಬರಿ ಯವ್ವಾ. ಜ್ವಾಳ ತುಂಬಿದ ಹಗೇವಿನ್ಯಾಗ ಮನುಷ್ಯಾ ಇಳಿದ್ರ ಉಸಿರು ಕಟ್ಟಿ ಸಾಯ್ತಾನ. ಗೌಡ ಎರಡು ದಿನ ಮದಲ ಅದನ್ನ ಖಾಲಿ ಮಾಡಿ, ಬಾಯಿ ತೆರೆದು ಗಾಳಿಗೆ ಬಿಟ್ಟಿದ್ದ."

ವಿದ್ಯಾರ್ಥಿನಿ ತಿದ್ದಿಕೊಂಡಳು. ನಾನು ಅವಳ ಪೆನ್ನನ್ನೇ ನೋಡುತ್ತಿದ್ದೆ. ಎರಡು ದಿನ ಮೊದಲು ಖಾಲಿ ಮಾಡಿದ್ದ ಅಂದರೆ, ಏನು ಬರುತ್ತಿದೆ ಅಂತ ಗೌಡರಿಗೆ ಗೊತ್ತಿತ್ತು. ಹಾಗೆ ಗೊತ್ತಿದ್ದೂ ತಯಾರಿ ಮಾಡಿಕೊಂಡಿದ್ದರು. ಹಿಂದಿನ ಸಲದ ಧ್ವನಿಮುದ್ರಣದಲ್ಲಿ ಇದು ಇರಲಿಲ್ಲ. ಓದಿ ಹೇಳದಿದ್ದರೆ ಸಿಗುತ್ತಲೂ ಇರಲಿಲ್ಲ.

ಮುಂದೆ ಓದುತ್ತ ಹೋದಳು. ರಾತ್ರಿ ಮಾತ್ರ ಮುಚ್ಚಳದ ಕಲ್ಲು ಸರಿಸಿ ರೊಟ್ಟಿ, ನೀರು ಇಳಿಸುತ್ತಿದ್ದದ್ದು. ಮನೆ ತೋರಿಸಿ ಜನರನ್ನು ಕರೆತಂದವನ ಹೆಸರು. ಅಲ್ಲಿ ಅಜ್ಜಿ ಮತ್ತೆ ತಡೆದರು.

"ಆ ಹೆಸರು ತೆಗಿ."

"ಯಾಕಮ್ಮಾ? ನೀವೇ ಹೇಳಿದ್ದಲ್ವಾ?"

"ಹೇಳೀನಿ. ನಿಜಾನೂ ಅದ. ಅವನ ಮೊಮ್ಮಗನ ಅಂಗಡ್ಯಾಗ ನಮ್ಮ ಉದ್ರಿ ಖಾತಾ ಅದ. ಆ ಹುಡುಗ ಏನ್ ಮಾಡ್ಯಾನ? ನನಗ ಆರಾಮ ಇಲ್ಲಂದ್ರ ಗುಳಗಿ ಅವನ ತಂದುಕೊಡ್ತಾನ." ಸ್ವಲ್ಪ ಹೊತ್ತು ಬಿಟ್ಟು, "ಗೌಡನ ಹೆಸರು ಮಾತ್ರ ದೊಡ್ಡದಾಗಿ ಬರಿ" ಅಂದರು.

ಗೌಡರ ಮನೆಯವರನ್ನೂ ಕೇಳಬೇಕಲ್ಲ. ಅದೇ ಓಣಿಯಲ್ಲಿ ನಾಲ್ಕು ಮನೆ ಆಚೆ. ಅವರ ಮೊಮ್ಮಗ ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟರು. ಅಜ್ಜನ ಕಥೆ ಕೇಳಿ ಅವರ ಕಣ್ಣು ತೇವವಾದದ್ದು ನಿಜ. ಆದರೆ ಹೆಸರು ಅಂದ ಕೂಡಲೇ ಬಾಗಿಲ ಕಡೆ ನೋಡಿದರು. "ಹಾಕಬ್ಯಾಡ್ರಿ ಮೇಡಂ. ಈಗಿನ ಹುಡುಗ್ರು ಛಲೋ ಇಲ್ಲ. ನಿಮ್ಮಜ್ಜ ಅವ್ರನ್ನ ಯಾಕ ಉಳಿಸ್ದ ಅಂತ ಕೇಳ್ತಾರ."

ಹೀಗೆ ಕೊಂದವರ ಕಡೆಯ ಹೆಸರೂ ಹೋಯಿತು, ಕಾಪಾಡಿದವರ ಹೆಸರೂ ಹೋಯಿತು. ನಮ್ಮ ಪ್ರತಿಯಲ್ಲಿ ಈಗ ಉಳಿದಿರೋದು "ಒಬ್ಬರು" ಮತ್ತು "ಇನ್ನೊಬ್ಬರು".

ವಾಪಸ್ ಬರುವಾಗ ಗಾಡಿಯಲ್ಲಿ ದೊಡ್ಡ ಜಗಳ. ಆಳಂದದ ಹುಡುಗ ನೇರವಾಗಿ ಕೇಳಿದ. "ಸರ್ಕಾರ ಸುಂದರಲಾಲ್ ವರದಿ ಮುಚ್ಚಿಟ್ಟಿತು ಅಂತ ಕ್ಲಾಸಲ್ಲಿ ಬೈತೀರಿ. ಈಗ ನಾವು ಮಾಡಿದ್ದೇನು ಮೇಡಂ?"

ಪ್ರಶ್ನೆ ಸರಿಯಾದದ್ದೇ. ನಾನು ಹೇಳಿದ್ದು ಇಷ್ಟು. ಅಲ್ಲಿ ಮುಚ್ಚಿಟ್ಟವರು ಬೇರೆ, ಅನುಭವಿಸಿದವರು ಬೇರೆ. ಇಲ್ಲಿ ಬೇಡ ಅಂದವರು ಅನುಭವಿಸಿದವರೇ. ಆ ಊರಲ್ಲಿ ನಾಳೆಯೂ ಇರಬೇಕಾದವರು ಅವರು, ನಾವಲ್ಲ. ಅವನು ಪೂರ್ತಿ ಒಪ್ಪಲಿಲ್ಲ. ಗೌಡರ ಮೊಮ್ಮಗ ಬೇಡ ಅಂದದ್ದು ಹೆದರಿಕೆಯಿಂದ, ಹೆದರಿಕೆಗೆ ನಾವು ಒಪ್ಪಿಗೆ ಅನ್ನೋದಾ ಅಂತ ಕೇಳಿದ. ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮುಂದಿನ ಸೆಮಿಸ್ಟರಿನ ಪ್ರಶ್ನೆಪತ್ರಿಕೆಗೆ ಹತ್ತು ಅಂಕದ ಪ್ರಶ್ನೆ ಮಾತ್ರ ಸಿಕ್ಕಿತು.

ನಾಲ್ಕನೇ ದಿನ: ಬೀದರ್, ಸೆಪ್ಟೆಂಬರ್ 17

ಧ್ವಜಾರೋಹಣದ ದಿನ. ಮೊದಲು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಅನ್ನುತ್ತಿದ್ದರು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಶಾಲಾ ಮಕ್ಕಳು, ಬ್ಯಾಂಡು, ಭಾಷಣ. ಹಿಂದಿನ ದಿನ ಅಜ್ಜಿಯ ಮನೆಯಲ್ಲಿ ಕೂತಿದ್ದ ನಮ್ಮ ಹುಡುಗರಿಗೆ ಚಪ್ಪಾಳೆ ತಟ್ಟೋದೋ ಬೇಡವೋ ಅನ್ನೋ ಗೊಂದಲ. ತಟ್ಟಿ ಅಂದೆ. ನಿಜಾಮನ ಆಳ್ವಿಕೆ ಮುಗಿದದ್ದು ಈ ಭಾಗಕ್ಕೆ ಬಿಡುಗಡೆಯೇ, ಅದರಲ್ಲಿ ಅನುಮಾನ ಬೇಡ. ಗೋರ್ಟಾವೂ ನಿಜ, ಹಗೇವೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಾಯಿ ಮುಚ್ಚಿಸೋರ ಹತ್ತಿರ ಮಾತ್ರ ನನ್ನ ತಕರಾರು.

ಮಧ್ಯಾಹ್ನ ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರ್ ಊಟ. ಗುರು ಗೋವಿಂದ ಸಿಂಗರ ಪಂಚ ಪ್ಯಾರೆಗಳಲ್ಲಿ, ಅಂದರೆ ಐವರು ಪ್ರಿಯ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅಂತ ಎಲ್ಲ ಗೈಡುಗಳೂ ಹೇಳುತ್ತಾರೆ. 1988ರ ಸೆಪ್ಟೆಂಬರಿನಲ್ಲಿ ಇದೇ ಊರಲ್ಲಿ ಸಿಖ್ ವಿದ್ಯಾರ್ಥಿಗಳನ್ನು ಹುಡುಕಿ ಹೊಡೆದು ಕೊಂದದ್ದನ್ನು ಯಾರೂ ಹೇಳಲ್ಲ. ಹೊರಗಿನಿಂದ ಎಂಜಿನಿಯರಿಂಗ್ ಓದಲು ಬಂದಿದ್ದ, ನಮ್ಮ ಹುಡುಗರ ವಯಸ್ಸಿನವರೇ. ಊಟ ಮುಗಿಸಿ ತಟ್ಟೆ ತೊಳೆಯುವ ಸಾಲಿನಲ್ಲಿ ನಿಂತಾಗ ಅಷ್ಟನ್ನು ಹೇಳಿದೆ. ಸಂಜೆ ಕಲಬುರಗಿಗೆ ವಾಪಸ್.

ಐದನೇ ದಿನ: ಸನ್ನತಿ

ಭೀಮಾ ದಂಡೆಯ ಸನ್ನತಿಗೆ ಜನ ಬರೋದು ಚಂದ್ರಲಾಂಬೆಗೆ. ನಾವು ಬಂದದ್ದು ಅಶೋಕನಿಗೆ. 1986ರಲ್ಲಿ ಇಲ್ಲಿಯ ಕಾಳಿ ಗುಡಿಯ ಛಾವಣಿ ಕುಸಿಯಿತು. ಆಗ ನೋಡಿದರೆ ದೇವಿಯ ಮೂರ್ತಿ ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನ. ಮೂರ್ತಿ ಕೂರಿಸೋಕೆ ಕೊರೆದ ತೂತಿನಿಂದ ಕೆಲವು ಅಕ್ಷರ ಹೋಗಿವೆ. ಕಲ್ಲಿನ ಒಂದು ಮಗ್ಗುಲಲ್ಲಿ ಅಶೋಕನ 14 ಬಂಡೆ ಶಾಸನಗಳ ಪೈಕಿ 12 ಮತ್ತು 14ನೆಯದು, ಇನ್ನೊಂದು ಮಗ್ಗುಲಲ್ಲಿ ಎರಡು ಪ್ರತ್ಯೇಕ ಶಾಸನ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪವೇ ಸಿಕ್ಕಿತು, ಹೆಸರು ಕೆತ್ತಿದ್ದು.

ಶಾಸನದ ಪಾಠವನ್ನು ಪ್ರಿಂಟ್ ತೆಗೆಸಿ ತಂದಿದ್ದೆ. ಬೇವಿನ ಮರದ ಕೆಳಗೆ ಕೂತು ಓದಿದೆವು. 12ನೆಯದು ಪಂಥಗಳ ವಿಷಯ. ತನ್ನದನ್ನು ಹೊಗಳುವ ಭರದಲ್ಲಿ ಇನ್ನೊಬ್ಬರದನ್ನು ತೆಗಳುವವನು ತನ್ನ ಪಂಥಕ್ಕೇ ಜಾಸ್ತಿ ಕೇಡು ಮಾಡುತ್ತಾನೆ, ನಾಲಿಗೆ ಹಿಡಿತದಲ್ಲಿರಲಿ, ಒಬ್ಬರ ಧರ್ಮವನ್ನು ಒಬ್ಬರು ಕೇಳಿಸಿಕೊಳ್ಳಿ. ಇದು ಎಲ್ಲರಿಗೂ ಇಷ್ಟವಾಗುವ ಶಾಸನ, ಭಾಷಣದಲ್ಲೂ ಬಳಸುತ್ತಾರೆ.

ನನಗೆ ಹೆಚ್ಚು ಹಿಡಿಸುವುದು ಹಿಂಬದಿಯ ಪ್ರತ್ಯೇಕ ಶಾಸನ. ಅದು ಅಧಿಕಾರಿಗಳಿಗೆ ಬರೆದದ್ದು. ಕಳಿಂಗದ ಧೌಲಿ, ಜೌಗಡದಲ್ಲಿ ಯುದ್ಧದ ಪಶ್ಚಾತ್ತಾಪದ 13ನೇ ಶಾಸನವನ್ನು ಕೆತ್ತಿಸಲೇ ಇಲ್ಲ. ಸೋತ ಜನರ ಮುಂದೆ ಲಕ್ಷಗಟ್ಟಲೆ ಸತ್ತ ಲೆಕ್ಕ ಬೇಡ ಅನ್ನಿಸಿರಬೇಕು. ಬದಲಿಗೆ ಇವನ್ನು ಹಾಕಿಸಿದ. ಜನರೆಲ್ಲ ನನ್ನ ಮಕ್ಕಳು, ಕಾರಣ ಇಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ ಅನ್ನುತ್ತಾನೆ. ಅಧಿಕಾರಿ ಎಡವುವುದು ಯಾವುದರಿಂದ ಅಂತಲೂ ಪಟ್ಟಿ ಕೊಡುತ್ತಾನೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ಆಯಾಸ. ಆಯಾಸವನ್ನೂ ಸೇರಿಸಿದ್ದಾನೆ ನೋಡಿ. ಬಂದೋಬಸ್ತಿನಲ್ಲಿ ಹದಿನಾರು ಗಂಟೆ ನಿಂತ ಕಾನ್‌ಸ್ಟೆಬಲ್‌ಗಳನ್ನು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ.

ಇನ್ನೊಂದು ಸಾಲು ಇದೆ. ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ. ಅಜ್ಜಿಗೆ ಓದಿ ಹೇಳಿದ ಹುಡುಗಿ ಅದನ್ನು ಎರಡು ಸಲ ಓದಿಸಿಕೊಂಡಳು. ಮಳೆ ಹನಿ ಬಿತ್ತು, ಕಾಗದ ಒದ್ದೆಯಾಗೋ ಮುಂಚೆ ಗಾಡಿ ಹತ್ತಿದೆವು. ರಾತ್ರಿ ಉಳಿದದ್ದು ಶಹಾಪುರದಲ್ಲಿ.

ಆರನೇ ದಿನ: ತಿಂಥಣಿ, ಸುರಪುರ ತಾಲೂಕಿನ ಒಂದು ಹಳ್ಳಿ, ಯಾದಗಿರಿ

ಕೃಷ್ಣಾ ನದಿಯ ದಂಡೆಯ ತಿಂಥಣಿ ಮೌನೇಶ್ವರನಿಗೆ ಭಕ್ತರು ಹೇಳುವ ಘೋಷದಲ್ಲಿ "ಪಾಂಚೋ ಪೀರ್ ಮೌನುದ್ದೀನ್" ಅಂತಲೂ ಬರುತ್ತೆ, "ಹರ ಹರ ಮಹಾದೇವ" ಅಂತಲೂ ಬರುತ್ತೆ. ಬೆಳಿಗ್ಗೆ ಬೇಗ ಮುಗಿಸಿದೆವು. ಅಷ್ಟೂರಿನಲ್ಲಿ ನೋಡಿದ್ದೇ ಇಲ್ಲೂ ಅಂತ ಹುಡುಗರಿಗೆ ಅನ್ನಿಸಿತ್ತು.

ಹಳ್ಳಿಯಲ್ಲಿ ಹಾಗಿರಲಿಲ್ಲ. ಇಲ್ಲಿ ಅಲಾಯಿ ಹಬ್ಬ ಜೋರು. ಮೊಹರಂ ಬಂದರೆ ಊರಿಗೆ ಊರೇ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ, ಹೆಜ್ಜೆ, ರಿವಾಯತ್ ಪದ. ಹಿಂದೂ ಮುಸ್ಲಿಂ ಅನ್ನೋ ಮಾತೇ ಇಲ್ಲ. ಕಟ್ಟೆಯ ಹಿರಿಯರು, ಎರಡೂ ಸಮುದಾಯದವರು, ಒಂದೇ ದನಿಯಲ್ಲಿ ಇದನ್ನೇ ಹೇಳಿದರು. "ನಮ್ಮೂರಾಗ ಎಂದೂ ಜಗಳ ಇಲ್ರಿ. ಈ ಸಲ ಆ ಹುಡುಗ್ರು ಕೆಡಿಸ್ಯಾರ."

ಆ ಹುಡುಗರು ಹಲಗಿ ಬಡಿಯುವ ಮನೆತನದವರು. ಈ ಸಲದ ಹಬ್ಬಕ್ಕೆ ಹಲಗಿ ಬಡಿಯಲ್ಲ ಅಂದರು. ಹಲಗಿ ಇಲ್ಲದೆ ಹೆಜ್ಜೆ ಹೇಗೆ? ಪಕ್ಕದ ತಾಲೂಕಿನಿಂದ ದುಡ್ಡು ಕೊಟ್ಟು ಬ್ಯಾಂಡ್ ತರಿಸಿದರಂತೆ. ಹಬ್ಬ ಮುಗಿದ ಮೇಲೆ ಆ ಕೇರಿಯವರನ್ನು ಹೊಲದ ಕೂಲಿಗೆ ಕರೆಯೋದು ನಿಂತಿತು.

ಕೇರಿಗೆ ಹೋದೆವು. ಒಬ್ಬ ಹುಡುಗ ಬಿ.ಕಾಂ. ಓದಿದವನು, ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡಿ ಬಂದವನು. "ನಮ್ಮಪ್ಪ ಬಡಿದ, ನಮ್ಮಜ್ಜ ಬಡಿದ. ಹಲಗಿ ಬೇಕು, ಹಲಗಿ ಬಡಿಯವ ಹಣಮಂದೇವರ ಗುಡಿ ಒಳಗ ಬರಬಾರದು. ಹೋಟೆಲಿನ್ಯಾಗ ನಮ್ಮ ಗಿಲಾಸ್ ಬ್ಯಾರೆ ಇಟ್ಟಿರ್ತಾರ. ಬೆಂಗಳೂರಾಗ ಅವ್ರ ಮನಿ ಮಕ್ಕಳು, ನಾನು ಒಂದ ರೂಮಿನ್ಯಾಗ ಇರ್ತೀವಿ ಮೇಡಂ." ಗ್ಲಾಸನ್ನು ನಾವೂ ನೋಡಿದೆವು. ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ, ಬೋರಲಾಗಿ, ಎರಡು ಸ್ಟೀಲ್ ಗ್ಲಾಸು. ಕುಡಿದವರೇ ತೊಳೆದಿಡಬೇಕು.

ಜಗಳ ಇಲ್ಲದಿರುವುದೇ ಬೇರೆ, ನ್ಯಾಯ ಇರುವ ಶಾಂತಿಯೇ ಬೇರೆ ಅಂತ ನಾರ್ವೆಯ ಯೋಹಾನ್ ಗಾಲ್ಟುಂಗ್ ಬರೆದದ್ದನ್ನು ಪ್ರತಿ ವರ್ಷ ಮೊದಲ ವಾರದಲ್ಲೇ ಪಾಠ ಮಾಡುತ್ತೇನೆ. ಯಾರೂ ಕೈ ಎತ್ತದೆ ವ್ಯವಸ್ಥೆಯೇ ಮಾಡುವ ಹಿಂಸೆಯ ಬಗ್ಗೆ ಅವರು 1969ರಲ್ಲಿ ಬರೆದರು. ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿ ಬರೆಯುತ್ತಾರೆ. ಅಷ್ಟೂರಿನಲ್ಲಿ ನಾನು ಮೆಚ್ಚಿದ ಸರದಿ, ಪಾಳಿ, ಹಕ್ಕು, ಇವೆಲ್ಲ ಈ ಊರಲ್ಲೂ ಅಚ್ಚುಕಟ್ಟಾಗಿ ಇವೆ. ಯಾರು ಎಲ್ಲಿ ನಿಲ್ಲಬೇಕು ಅಂತ ಎಲ್ಲರಿಗೂ ಗೊತ್ತು, ಹಲಗಿಯವರಿಗೂ. ಆ ಗೊತ್ತಿರೋದೇ ಇಲ್ಲಿ ರೋಗ.

ಹಿರಿಯರಲ್ಲೊಬ್ಬರು ನನಗೆ ಹೇಳಿದರು, "ನೀವು ಶಾಂತಿ ಪಾಠ ಮಾಡೋರು, ಅವ್ರಿಗೆ ನಾಕು ಮಾತ್ ಹೇಳಿ ಸುಮ್ನಿರಸ್ರಿ." ಅದು ನನ್ನ ಕೆಲಸ ಅಲ್ಲ ಅಂದೆ. ಕರ್ಲ್ ಕೂಡ ಇದನ್ನೇ ಹೇಳಿದ್ದು. ಒಂದು ಕಡೆ ಭಾರ, ಒಂದು ಕಡೆ ಹಗುರ ಇದ್ದಾಗ ರಾಜಿಗೆ ಕೂರಿಸಿದರೆ ಹಗುರ ಇದ್ದವರೇ ಬಗ್ಗಬೇಕು. ಮೊದಲು ಅವರು ತಮ್ಮ ಸ್ಥಿತಿ ಅರಿತು ಎದ್ದು ನಿಲ್ಲಬೇಕು, ಎದುರು ನಿಂತು ಕೇಳಬೇಕು. ರಾಜಿ ಅದಾದ ಮೇಲೆ. ಈ ಹುಡುಗರು ಹಲಗಿ ಕೆಳಗಿಟ್ಟಾಗ ಶುರುವಾದದ್ದು ಅದೇ. ಕೂಲಿ ನಿಲ್ಲಿಸಿದ್ದು ಸಾಮಾಜಿಕ, ಆರ್ಥಿಕ ಬಹಿಷ್ಕಾರ. 2015ರ ತಿದ್ದುಪಡಿ ಆದ ಮೇಲೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಹಿರಿಯರಿಗೆ ಅದನ್ನು ಹೇಳಿದೆ. ಕಟ್ಟೆಯ ಮೇಲೆ ಚಹಾ ಬರೋದಿತ್ತು, ಬರಲಿಲ್ಲ.

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ತಡ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ವರದಿ ಯಾರು ಯಾವ ಭಾಗ ಬರೆಯಬೇಕು ಅಂತ ಹಂಚಿದೆ. ಹಳ್ಳಿಯ ಭಾಗವನ್ನು ಆಳಂದದ ಹುಡುಗ ಕೇಳಿ ತೆಗೆದುಕೊಂಡ.

"ಕನ್ನಡದಲ್ಲೇ ಬರಿ. ದಸರಾ ರಜೆಗೆ ಮತ್ತೆ ಬಂದು ಓದಿ ಹೇಳಬೇಕು."

"ಹಿರಿಯರ ಮುಂದೂ ಓದಬೇಕಾ ಮೇಡಂ?"

"ಓದಬೇಕು. ಮೊದಲು ಕೇರಿಯಲ್ಲಿ ಓದು. ಅವರು ಇರಲಿ ಅಂದಷ್ಟನ್ನು ಕಟ್ಟೆ ಮೇಲೆ ಓದು."

"ಗ್ಲಾಸಿನ ವಿಷಯ?"

"ಹೋಟೆಲಿನವನ ಮುಂದೂ ಓದೋಣ. ಅವನೂ ಹೇಳೋದು ಏನಾದರೂ ಇರುತ್ತೆ."

ಅವನು ಹಿಂಡಿ ಬೆರಳಿನಿಂದ ಒರೆಸಿಕೊಂಡು, ಪುಸ್ತಕ ತೆಗೆದು, ಹೋಟೆಲಿನವನ ಹೆಸರಿನ ಜಾಗದಲ್ಲಿ ಒಂದು ಗೆರೆ ಹಾಕಿ ಖಾಲಿ ಬಿಟ್ಟ.